ಕೆಳದಿಯ ಬಸವರಾಜ: ಅರಸ, ವಿದ್ವಾಂಸ, ಇತಿಹಾಸಕಾರ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಸುಮಾರು ಎರಡೂವರೆ ಶತಮಾನಗಳ ಕಾಲ ಕೆಳದಿ ನಾಯಕರ ಆಳ್ವಿಕೆಯ ಹೃದಯಭಾಗವಾಗಿದ್ದವು. ಈ ಮನೆತನದ ಮೊದಲ ನೆಲೆ ಕೆಳದಿ ಮತ್ತು ಎರಡನೆಯ ರಾಜಧಾನಿ ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯ ರಾಜಧಾನಿಯಾದ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿಗೆ ಸೇರಿದೆ. ಆಪತ್ಕಾಲದಲ್ಲಿ ಅರಸು ಮನೆತನಕ್ಕೆ ಆಶ್ರಯ ನೀಡಿದ ಭುವನಗಿರಿದುರ್ಗ, ಅಂದರೆ ಕವಲೇದುರ್ಗ, ತೀರ್ಥಹಳ್ಳಿ ತಾಲ್ಲೂಕಿನ ಕಾಡಿನ ನಡುವೆ ಇದೆ.

ಈ ಮನೆತನದ ಅರಸರಲ್ಲಿ ಶಿವಪ್ಪ ನಾಯಕನು ಭೂಕಂದಾಯದ ವ್ಯವಸ್ಥೆಗಾಗಿಯೂ, ರಾಣಿ ಚೆನ್ನಮ್ಮಾಜಿಯು ಧೈರ್ಯಕ್ಕಾಗಿಯೂ ನಾಡಿನಾದ್ಯಂತ ಪ್ರಸಿದ್ಧರು. ಚೆನ್ನಮ್ಮಾಜಿಯ ದತ್ತುಪುತ್ರನಾದ ಬಸವರಾಜನು ಇವರಿಬ್ಬರ ಕೀರ್ತಿಯ ನೆರಳಿನಲ್ಲಿ ಉಳಿದವನು. ಆದರೆ ಕೆಳದಿಯ ಇತಿಹಾಸವನ್ನು ಇಂದು ನಾವು ಕ್ರಮಬದ್ಧವಾಗಿ ತಿಳಿಯಲು ಸಾಧ್ಯವಾಗಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಈತನ ಬರವಣಿಗೆ. 1697ರಿಂದ 1714ರವರೆಗೆ ಬಿದನೂರಿನಿಂದ ಆಳಿದ ಬಸವರಾಜನು 1709ರಲ್ಲಿ ಶಿವತತ್ತ್ವರತ್ನಾಕರವೆಂಬ ಬೃಹತ್ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜನೀತಿ, ಶಾಸ್ತ್ರ, ಕಲೆ ಮತ್ತು ಸ್ವಂತ ಮನೆತನದ ಚರಿತ್ರೆಗಳನ್ನು ಒಂದೇ ಕಡೆ ಸಂಗ್ರಹಿಸಿದ ಈ ಗ್ರಂಥವು ಕರ್ನಾಟಕದ ವಿಶ್ವಕೋಶ ಪರಂಪರೆಯ ಮಹತ್ವದ ಕೃತಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಶಾಸನಗಳು, ಕಾವ್ಯಗಳು ಮತ್ತು ದಾಖಲೆಗಳಲ್ಲಿ ಈತನನ್ನು ಬಸವಪ್ಪ ನಾಯಕ, ಬಸವ ಭೂಪಾಲ, ಬಸವರಾಜ ಎಂಬ ಹೆಸರುಗಳಿಂದ ಗುರುತಿಸಲಾಗಿದೆ. 1739ರಿಂದ 1754ರವರೆಗೆ ಆಳಿದ ಇದೇ ಹೆಸರಿನ ಇನ್ನೊಬ್ಬ ಅರಸನಿಂದ ಬೇರ್ಪಡಿಸಲು ಹಿರಿಯ ಬಸವಪ್ಪ ನಾಯಕ ಎಂದು ಕರೆಯುವುದೂ ಉಂಟು.

ಮನೆತನದ ಹಿನ್ನೆಲೆ

ಕೆಳದಿ ಮನೆತನವು ಸುಮಾರು 1500ರಲ್ಲಿ ಚೌಡಪ್ಪನಿಂದ ಆರಂಭವಾಯಿತು. ವಿಜಯನಗರದ ಸಾಮಂತರಾಗಿದ್ದ ಇವರು ಸದಾಶಿವ ನಾಯಕನ ಕಾಲದಲ್ಲಿ ಪ್ರಬಲರಾದರು. ಇಂದಿನ ಸಾಗರ ಪಟ್ಟಣದ ಹೆಸರೂ ಸದಾಶಿವ ನಾಯಕನ ಹೆಸರಿನಲ್ಲಿ ನಿರ್ಮಾಣವಾದ ಸದಾಶಿವಸಾಗರವೆಂಬ ಕೆರೆಯಿಂದ ಬಂದುದಾಗಿದೆ. 1565ರ ಯುದ್ಧದ ನಂತರ ವಿಜಯನಗರದ ಹಿಡಿತ ಸಡಿಲಗೊಂಡಾಗ ಕೆಳದಿಯ ಅರಸರು ಕ್ರಮೇಣ ಸ್ವತಂತ್ರರಾದರು.

1586ರಿಂದ 1629ರವರೆಗೆ ಆಳಿದ ಹಿರಿಯ ವೆಂಕಟಪ್ಪ ನಾಯಕನ ಆಸ್ಥಾನವು ವಿದ್ವಾಂಸರಿಗೆ ಆಶ್ರಯವಾಗಿತ್ತು. ಪ್ರಸಿದ್ಧ ವೈಯಾಕರಣ ಭಟ್ಟೋಜಿ ದೀಕ್ಷಿತನು ತತ್ತ್ವಕೌಸ್ತುಭವನ್ನು ರಚಿಸಿದ್ದು ಈ ಅರಸನ ಪ್ರೇರಣೆಯಿಂದ. ವಿದ್ಯೆಯು ಆಸ್ಥಾನಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಘಟ್ಟದ ದಾರಿಯಲ್ಲಿ ದೇವಾಲಯದ ಜಗುಲಿಯ ಮೇಲೆ ಹುಡುಗರು ಗುಂಪಾಗಿ ಕುಳಿತು, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾ ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ದಾಖಲಿಸಿದ್ದಾನೆ. ಕಾಗದವಾಗಲಿ ಲೇಖನಿಯಾಗಲಿ ವ್ಯಯವಾಗದ ಈ ಕಲಿಕೆಯ ಕ್ರಮ ಆ ಪ್ರವಾಸಿಯ ಮೆಚ್ಚುಗೆಗೆ ಪಾತ್ರವಾಗಿತ್ತು.

ವೀರಭದ್ರ ನಾಯಕನ ಕಾಲದಲ್ಲಿ ಬಿಜಾಪುರದ ಸೇನೆಯ ದಾಳಿಗೆ ಇಕ್ಕೇರಿ ತುತ್ತಾಯಿತು. ಆನಂತರ 1639ರ ಸುಮಾರಿಗೆ ರಾಜಧಾನಿಯು ಬೆಟ್ಟಗಳಿಂದ ಆವೃತವಾದ ಬಿದನೂರಿಗೆ ವರ್ಗಾವಣೆಯಾಯಿತು. ಕರಾವಳಿಗೆ ಇಳಿಯುವ ಘಟ್ಟದ ದಾರಿಗಳ ಸಮೀಪದಲ್ಲಿದ್ದುದರಿಂದ ಅಕ್ಕಿ, ಮೆಣಸು ಮತ್ತು ಅಡಿಕೆಯ ವ್ಯಾಪಾರಕ್ಕೆ ಬಿದನೂರು ಕೇಂದ್ರವಾಯಿತು.

1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನು ಶಿಸ್ತು ಎಂಬ ಭೂಕಂದಾಯ ಪದ್ಧತಿಯನ್ನು ಜಾರಿಗೆ ತಂದನು. ಮಣ್ಣಿನ ಗುಣ ಮತ್ತು ನೀರಿನ ಅನುಕೂಲಗಳನ್ನು ಅನುಸರಿಸಿ ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಬಿತ್ತನೆಯ ಖಂಡುಗದ ಪ್ರಮಾಣದ ಮೇಲೆ ಕಂದಾಯವನ್ನು ಗೊತ್ತುಪಡಿಸಿ, ಸರ್ಕಾರದ ಪಾಲನ್ನು ಉತ್ಪನ್ನದ ಮೂರನೆಯ ಒಂದು ಭಾಗವೆಂದು ನಿಗದಿಪಡಿಸಲಾಯಿತು. ರೈತನು ಕೊಡಬೇಕಾದುದು ಎಷ್ಟು ಎಂಬುದು ಅಧಿಕಾರಿಯ ಇಚ್ಛೆಗೆ ಬಿಟ್ಟ ವಿಷಯವಾಗದೆ ಬರಹದಲ್ಲಿ ನಿಂತ ವಿಷಯವಾಯಿತು. ಬಸವರಾಜನಿಗೆ ಮುಂದೆ ದೊರೆತ ರಾಜ್ಯವು ಹೀಗೆ ಲೆಕ್ಕ ಮತ್ತು ಕಡತಗಳ ಮೇಲೆ ನಡೆಯಲು ಆಗಲೇ ರೂಢಿಯಾಗಿದ್ದ ರಾಜ್ಯವಾಗಿತ್ತು.

ದತ್ತು ಸ್ವೀಕಾರ

1664ರಿಂದ ಆಳಿದ ಸೋಮಶೇಖರ ನಾಯಕನು 1671ರ ಸುಮಾರಿಗೆ ಮಕ್ಕಳಿಲ್ಲದೆ ಅಕಾಲ ಮರಣಕ್ಕೆ ತುತ್ತಾದನು. ಉತ್ತರಾಧಿಕಾರಿಯಿಲ್ಲದ ಸಿಂಹಾಸನಕ್ಕಾಗಿ ಆಸ್ಥಾನದಲ್ಲಿ ಒಳಸಂಚುಗಳು ಆರಂಭವಾದವು. ಬಿಜಾಪುರವು ಈ ಸಂದರ್ಭವನ್ನು ಬಳಸಿಕೊಂಡು ಬಿದನೂರಿನ ಮೇಲೆ ಸೇನೆಯನ್ನು ಕಳುಹಿಸಿತು. ಸೋಮಶೇಖರನ ಪತ್ನಿ ಚೆನ್ನಮ್ಮಾಜಿಯು ಭುವನಗಿರಿದುರ್ಗಕ್ಕೆ ತೆರಳಿ, ನಿಷ್ಠಾವಂತ ಅಧಿಕಾರಿಗಳನ್ನು ಒಟ್ಟುಗೂಡಿಸಿ, ರಾಜ್ಯವನ್ನು ಮರಳಿ ಪಡೆದು 1672ರಿಂದ ಆಳ್ವಿಕೆ ನಡೆಸಿದಳು.

ಆಳ್ವಿಕೆಯು ಸ್ಥಿರವಾಗಬೇಕಾದರೆ ಮುಂದಿನ ಅರಸನು ಯಾರೆಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ತೀರ್ಮಾನವಾಗಬೇಕಾಗಿತ್ತು. ಚೆನ್ನಮ್ಮಾಜಿಯು ಬಿದನೂರಿನ ಮಾರ್ಕಪ್ಪ ಶೆಟ್ಟಿಯ ಮಗನಾದ ಬಸವಪ್ಪನನ್ನು ದತ್ತು ಸ್ವೀಕರಿಸಿದಳು. ಧರ್ಮಶಾಸ್ತ್ರವು ದತ್ತುಪುತ್ರನಿಗೆ ಮನೆತನದ ಮಗನ ಸ್ಥಾನವನ್ನು ನೀಡುತ್ತದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ದಾಯಭಾಗ ಮತ್ತು ಪುತ್ರತ್ವದ ವಿಷಯಗಳಲ್ಲಿ ಭಾರತದ ಬಹುಭಾಗಕ್ಕೆ ಆಧಾರಗ್ರಂಥವಾಗಿತ್ತು. ಆದರೂ ರಾಜ್ಯದ ವಿಷಯದಲ್ಲಿ ಶಾಸ್ತ್ರದ ಒಪ್ಪಿಗೆಯೊಂದೇ ಸಾಕಾಗುತ್ತಿರಲಿಲ್ಲ. ರಕ್ತಸಂಬಂಧದ ಹಕ್ಕುದಾರರು ಎಲ್ಲಿಯಾದರೂ ತಲೆ ಎತ್ತಬಹುದಾಗಿತ್ತು. ಚೆನ್ನಮ್ಮಾಜಿಯು ಸುಮಾರು ಇಪ್ಪತ್ತೈದು ವರ್ಷಗಳ ಕಾಲ ತಾನೇ ಆಡಳಿತವನ್ನು ದೃಢವಾಗಿ ನಡೆಸಿದ್ದರಿಂದ ದತ್ತುಪುತ್ರನ ಹಕ್ಕು ಪ್ರಶ್ನಾತೀತವಾಗಿ ಬೇರೂರಲು ಕಾಲಾವಕಾಶ ದೊರೆಯಿತು.

ಬಸವರಾಜನ ಬದುಕಿನಲ್ಲಿ ಈ ಸಂಗತಿಗೆ ವಿಶೇಷ ಅರ್ಥವಿದೆ. ಹುಟ್ಟಿನಿಂದ ಬಾರದ ಮನೆತನದ ಚರಿತ್ರೆಯನ್ನು ಮುಂದೆ ಆತನೇ ಮೂಲದಿಂದ ಆರಂಭಿಸಿ ಬರೆದನು. ಚೌಡಪ್ಪನಿಂದ ತನ್ನ ಕಾಲದವರೆಗಿನ ವಂಶಾನುಕ್ರಮವನ್ನು ದಾಖಲಿಸುವುದು ಆತನಿಗೆ ವಿದ್ವತ್ತಿನ ಕಾರ್ಯವಾಗಿದ್ದಂತೆಯೇ ತಾನು ಸೇರಿದ ಮನೆಗೆ ಸಲ್ಲಿಸುವ ಋಣವೂ, ತನ್ನ ಹಕ್ಕಿನ ಸಮರ್ಥನೆಯೂ ಆಗಿತ್ತು.

ರಾಣಿಯ ಆಡಳಿತದಲ್ಲಿ ದೊರೆತ ಅನುಭವ

ಬಸವರಾಜನು ಬೆಳೆದ ಕಾಲವು ದಕ್ಷಿಣ ಭಾರತದಲ್ಲಿ ದೊಡ್ಡ ಬದಲಾವಣೆಗಳ ಕಾಲವಾಗಿತ್ತು. ಮೊಘಲ್ ಚಕ್ರವರ್ತಿ ಔರಂಗಜೇಬನು 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ವಶಪಡಿಸಿಕೊಂಡನು. 1689ರಲ್ಲಿ ಶಿವಾಜಿಯ ಪುತ್ರ ರಾಜಾರಾಮನು ಮೊಘಲ್ ಸೇನೆಯಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುವಾಗ ಕೆಳದಿ ರಾಜ್ಯದ ಆಶ್ರಯವನ್ನು ಬೇಡಿದನು. ಶರಣು ಬಂದವರನ್ನು ಕಾಪಾಡುವುದು ಅರಸರ ಧರ್ಮವೆಂದು ತಿಳಿದ ಚೆನ್ನಮ್ಮಾಜಿಯು ಆತನಿಗೆ ಆಶ್ರಯ ನೀಡಿ ಸುರಕ್ಷಿತವಾಗಿ ಮುಂದಕ್ಕೆ ಕಳುಹಿಸಿದಳು. ಇದರಿಂದ ಕುಪಿತನಾದ ಚಕ್ರವರ್ತಿಯು ಕಳುಹಿಸಿದ ಸೇನೆಯನ್ನು ಮಲೆನಾಡಿನ ಕಾಡು, ಕಣಿವೆ ಮತ್ತು ಮಳೆಯ ನೆರವಿನಿಂದ ಕೆಳದಿಯ ಪಡೆಗಳು ಎದುರಿಸಿದವು. ಕೊನೆಗೆ ಒಪ್ಪಂದವಾಗಿ ರಾಜ್ಯವು ಉಳಿಯಿತು.

ಈ ಘಟನೆಯನ್ನು ಬಸವರಾಜನು ತನ್ನ ಗ್ರಂಥದಲ್ಲಿ ಸೇರಿಸಿದ್ದಾನೆ. ತನ್ನ ಜೀವಿತಕಾಲದಲ್ಲಿ, ತನ್ನ ಮನೆಯಲ್ಲಿಯೇ ನಡೆದ ಸಂಗತಿಯನ್ನು ದಾಖಲಿಸಿರುವುದರಿಂದ ಈ ಭಾಗಕ್ಕೆ ಸಮಕಾಲೀನ ಸಾಕ್ಷ್ಯದ ಬೆಲೆ ಇದೆ. ದೊಡ್ಡ ಸಾಮ್ರಾಜ್ಯದ ಎದುರು ಸಣ್ಣ ರಾಜ್ಯವೊಂದು ತನ್ನ ಮಾತನ್ನು ಉಳಿಸಿಕೊಂಡ ಬಗೆಯನ್ನು ಆತನು ಪುಸ್ತಕದಿಂದ ಕಲಿಯದೆ ಕಣ್ಣಾರೆ ಕಂಡಿದ್ದನು.

ಚೆನ್ನಮ್ಮಾಜಿಯ ಕಾಲದಲ್ಲಿ ಪೋರ್ಚುಗೀಸರೊಡನೆ ವ್ಯಾಪಾರದ ಒಪ್ಪಂದಗಳೂ ಆದವು. ಗೋವೆಗೆ ಬೇಕಾದ ಅಕ್ಕಿಯ ಗಣನೀಯ ಭಾಗವು ಕೆಳದಿಯ ಕರಾವಳಿಯಿಂದ ಹೋಗುತ್ತಿತ್ತು. ವಿದೇಶೀ ವ್ಯಾಪಾರಿಗಳ ಕೋಠಿ, ಅವರ ಹಡಗುಗಳ ಓಡಾಟ, ಕ್ರೈಸ್ತರ ಪ್ರಾರ್ಥನಾ ಮಂದಿರಗಳ ನಿರ್ಮಾಣ ಮೊದಲಾದ ವಿಷಯಗಳು ಲಿಖಿತ ಷರತ್ತುಗಳ ಮೂಲಕ ತೀರ್ಮಾನವಾಗುತ್ತಿದ್ದವು.

ಆಳ್ವಿಕೆ

ಚೆನ್ನಮ್ಮಾಜಿಯ ನಂತರ 1697ರಲ್ಲಿ ಬಸವರಾಜನು ಅಧಿಕಾರಕ್ಕೆ ಬಂದನು. ಪೂರ್ವದಲ್ಲಿ ಮೈಸೂರಿನ ಒಡೆಯರು, ಉತ್ತರದಲ್ಲಿ ಮೊಘಲ್ ಮತ್ತು ಮರಾಠರ ಸೇನೆಗಳು, ಪಶ್ಚಿಮದ ಸಮುದ್ರದಲ್ಲಿ ಪೋರ್ಚುಗೀಸರು ಇದ್ದ ಆ ದಿನಗಳಲ್ಲಿ ರಾಜ್ಯವನ್ನು ವಿಸ್ತರಿಸುವುದಕ್ಕಿಂತ ಇದ್ದುದನ್ನು ಉಳಿಸಿಕೊಳ್ಳುವುದೇ ದೊಡ್ಡ ಕಾರ್ಯವಾಗಿತ್ತು. ಹೊನ್ನಾವರದ ಸಮೀಪ ಸಮುದ್ರದ ನಡುವೆ ಇರುವ, ಈತನ ಹೆಸರನ್ನು ಹೊತ್ತ ಬಸವರಾಜದುರ್ಗದ ದ್ವೀಪಕೋಟೆಯು ಕರಾವಳಿಯ ರಕ್ಷಣೆಗೆ ಕೆಳದಿಯ ಅರಸರು ನೀಡುತ್ತಿದ್ದ ಮಹತ್ವಕ್ಕೆ ಸಾಕ್ಷಿಯಾಗಿದೆ. ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಪೋರ್ಚುಗೀಸರೊಡನೆ ಸಂಬಂಧ ಕೆಟ್ಟು ಕರಾವಳಿಯ ಬಂದರುಗಳು ದಾಳಿಗೆ ಒಳಗಾದವು. 1714ರಲ್ಲಿ ಒಪ್ಪಂದವಾಗಿ ವೈಮನಸ್ಯವು ಕೊನೆಗೊಂಡಿತು.

ಈ ದಶಕಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕನು 1727ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಕೆಳದಿಯ ಕರಾವಳಿಯನ್ನು ವರ್ಣಿಸಿದ್ದಾನೆ. ಈ ನಾಡಿನ ಪ್ರಜೆಗಳು ಕಾನೂನನ್ನು ಚೆನ್ನಾಗಿ ಪಾಲಿಸುತ್ತಾರೆ, ಕಳ್ಳತನ ಮತ್ತು ಕೊಲೆಗಳ ಸುದ್ದಿ ಅಪರೂಪ ಎಂಬುದು ಆತನ ಅಭಿಪ್ರಾಯದ ಸಾರಾಂಶ. ವಿದೇಶೀಯನೊಬ್ಬನ ಈ ಹೊಗಳಿಕೆಯಲ್ಲಿ ಅತಿಶಯೋಕ್ತಿ ಇರಬಹುದಾದರೂ, ಆಸ್ಥಾನದ ಕವಿಯಲ್ಲದ ವ್ಯಾಪಾರಿಯ ಬಾಯಿಂದ ಬಂದುದರಿಂದ ಅದು ಗಮನಾರ್ಹವಾಗಿದೆ.

ವೀರಶೈವ ಧರ್ಮದ ಅನುಯಾಯಿಗಳಾಗಿದ್ದ ಕೆಳದಿಯ ಅರಸರು ವೀರಶೈವ ಮಠಗಳಿಗೆ ನೀಡಿದಂತೆ ಶೃಂಗೇರಿಯ ಮಠಕ್ಕೂ ಇತರ ದೇವಾಲಯಗಳಿಗೂ ಭೂಮಿಯನ್ನು ದತ್ತಿಯಾಗಿ ನೀಡಿದರು. ದತ್ತಿಯ ಭೂಮಿ ಎಲ್ಲಿದೆ, ಅದರ ಚತುಸ್ಸೀಮೆ ಯಾವುದು, ಯಾರಿಗೆ ಯಾವ ಷರತ್ತಿನ ಮೇಲೆ ಸಲ್ಲುತ್ತದೆ ಎಂಬುದನ್ನು ಕಲ್ಲಿನ ಮೇಲೆ, ತಾಮ್ರದ ಪಟ್ಟಿಯ ಮೇಲೆ ಅಥವಾ ಕಡತದಲ್ಲಿ ಬರೆಯಿಸುವುದು ವಾಡಿಕೆಯಾಗಿತ್ತು.

ಶಿವತತ್ತ್ವರತ್ನಾಕರ

ಬಸವರಾಜನ ವಿದ್ವತ್ ಜೀವನದ ಶಿಖರವು 1709ರಲ್ಲಿ ಪೂರ್ಣಗೊಂಡ ಶಿವತತ್ತ್ವರತ್ನಾಕರ. ರತ್ನಾಕರವೆಂದರೆ ಸಮುದ್ರ. ಹೆಸರಿಗೆ ತಕ್ಕಂತೆ ಗ್ರಂಥವನ್ನು 9 ಕಲ್ಲೋಲಗಳಾಗಿ, ಅಂದರೆ ಹೆದ್ದೆರೆಗಳಾಗಿ, ಅವುಗಳೊಳಗೆ 108 ತರಂಗಗಳಾಗಿ ವಿಭಾಗಿಸಲಾಗಿದೆ. ಇಡೀ ಗ್ರಂಥವು ಬಸವರಾಜನು ತನ್ನ ಮಗನಾದ ಸೋಮಶೇಖರನಿಗೆ ಉಪದೇಶಿಸುವ ಸಂವಾದದ ರೂಪದಲ್ಲಿದೆ.

ಈ ರೂಪವು ಕೇವಲ ಅಲಂಕಾರಕ್ಕಾಗಿ ಆರಿಸಿಕೊಂಡುದಲ್ಲ. ಮುಂದೆ ಅರಸನಾಗಲಿರುವವನಿಗೆ ತಿಳಿದಿರಬೇಕಾದ ವಿಷಯಗಳು ಯಾವುವು ಎಂಬ ಪ್ರಶ್ನೆಗೆ ಉತ್ತರವಾಗಿ ಗ್ರಂಥವು ಬೆಳೆದಿದೆ. ಶೈವ ತತ್ತ್ವ ಮತ್ತು ಲೋಕಗಳ ಸೃಷ್ಟಿ, ಭೂಗೋಳ, ಖಗೋಳಗಳಿಂದ ಹಿಡಿದು ರಾಜನೀತಿ, ವಾಸ್ತು, ವೈದ್ಯ, ಸಂಗೀತ, ನೃತ್ಯ, ಚಿತ್ರಕಲೆ, ರತ್ನಪರೀಕ್ಷೆ, ಆನೆ ಮತ್ತು ಕುದುರೆಗಳ ಲಕ್ಷಣ, ಗಿಡಮರಗಳ ಪೋಷಣೆ, ಚದುರಂಗದ ಆಟದವರೆಗೆ ವಿಷಯಗಳು ಹರಡಿಕೊಂಡಿವೆ. ಅಡುಗೆಮನೆಯ ರಚನೆ, ಒಲೆ, ಪಾತ್ರೆಗಳು ಮತ್ತು ಆಹಾರದ ತಯಾರಿಕೆಯ ವಿವರಗಳನ್ನು ಇಂದಿಗೂ ಆಹಾರ ಪದ್ಧತಿಯ ಇತಿಹಾಸಕಾರರು ಈ ಗ್ರಂಥದಿಂದ ಆಧಾರವಾಗಿ ತೆಗೆದುಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಇಂತಹ ಸಂಗ್ರಹ ಗ್ರಂಥಗಳ ಪರಂಪರೆ ಹಳೆಯದು. 1025ರ ಸುಮಾರಿಗೆ ಚಾವುಂಡರಾಯನು ಕನ್ನಡದಲ್ಲಿ ಲೋಕೋಪಕಾರವನ್ನು ರಚಿಸಿದನು. 1129ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸಿದನು. ಬಸವರಾಜನ ಗ್ರಂಥವು ಈ ಸಾಲಿಗೆ ಸೇರುತ್ತದೆ. ಆದರೆ ಶಾಸ್ತ್ರಗಳ ನಡುವೆ ವಿಜಯನಗರದ ಅರಸರ ಮತ್ತು ಕೆಳದಿಯ ಅರಸರ ಚರಿತ್ರೆಯನ್ನು ವಿಸ್ತಾರವಾಗಿ ಸೇರಿಸಿರುವುದು ಈ ಗ್ರಂಥದ ವೈಶಿಷ್ಟ್ಯ. ಆಳ್ವಿಕೆಯ ನಿಯಮಗಳನ್ನು ಒಂದು ಕಡೆ ಹೇಳಿ, ಆ ನಿಯಮಗಳಂತೆ ನಡೆದ ಹಿರಿಯರ ಬದುಕನ್ನು ಇನ್ನೊಂದು ಕಡೆ ನಿದರ್ಶನವಾಗಿ ಮಗನ ಮುಂದೆ ಇಟ್ಟಂತಾಗಿದೆ.

ಶಿವತತ್ತ್ವರತ್ನಾಕರವಲ್ಲದೆ ಸಂಸ್ಕೃತದಲ್ಲಿ ಸುಭಾಷಿತಸುರದ್ರುಮ ಮತ್ತು ಕನ್ನಡದಲ್ಲಿ ಸೂಕ್ತಿಸುಧಾಕರ ಎಂಬ ಕೃತಿಗಳೂ ಈತನ ಹೆಸರಿನಲ್ಲಿವೆ.

ಇತಿಹಾಸಕಾರನಾಗಿ ಬಸವರಾಜ

ಬಸವರಾಜನು ಬರೆದುದೆಲ್ಲವೂ ಇಂದಿನ ಅರ್ಥದಲ್ಲಿ ಇತಿಹಾಸವಲ್ಲ. ಮನೆತನದ ಮೂಲವನ್ನು ಹೇಳುವಲ್ಲಿ ಹಸುವೊಂದು ಹುತ್ತದ ಮೇಲೆ ಹಾಲು ಸುರಿಸಿದ್ದು, ಅಲ್ಲಿ ಲಿಂಗವು ದೊರೆತದ್ದು, ನಿಧಿಯ ಲಾಭಕ್ಕಾಗಿ ಯಾದವ ಮತ್ತು ಮುರಾರಿ ಎಂಬ ಇಬ್ಬರು ನಿಷ್ಠಾವಂತ ಆಳುಗಳು ತಮ್ಮ ಪ್ರಾಣವನ್ನೇ ಬಲಿ ಕೊಟ್ಟದ್ದು ಮೊದಲಾದ ಕೆಳದಿಯ ಐತಿಹ್ಯಗಳು ಪ್ರಚಲಿತವಾಗಿವೆ. ಆಸ್ಥಾನದ ಬರಹಗಳಲ್ಲಿ ಇಂತಹ ಐತಿಹ್ಯಗಳು ನಿಜ ಸಂಗತಿಗಳ ಜೊತೆಯಲ್ಲಿಯೇ ಸಾಗುತ್ತವೆ. ಸ್ವಂತ ಮನೆತನದ ಬಗ್ಗೆ ಬರೆಯುವ ಅರಸನು ಸೋಲುಗಳಿಗಿಂತ ಗೆಲುವುಗಳಿಗೆ, ಅಧಿಕಾರದ ಕಲಹಗಳಿಗಿಂತ ದಾನಧರ್ಮಗಳಿಗೆ ಹೆಚ್ಚು ಸ್ಥಳ ನೀಡುವುದು ಸಹಜ.

ಆದುದರಿಂದ ವಿದ್ವಾಂಸರು ಈ ಗ್ರಂಥವನ್ನು ಇತರ ಆಧಾರಗಳೊಡನೆ ಹೋಲಿಸಿ ಬಳಸುತ್ತಾರೆ. ಹದಿನೆಂಟನೆಯ ಶತಮಾನದ ಲಿಂಗಣ್ಣ ಕವಿಯು ಕನ್ನಡದಲ್ಲಿ ರಚಿಸಿದ ಕೆಳದಿನೃಪವಿಜಯವೆಂಬ ಚಂಪೂಕಾವ್ಯ, ಪೋರ್ಚುಗೀಸರ ಪತ್ರಾಗಾರದ ಒಪ್ಪಂದಗಳು, ಪ್ರವಾಸಿಗಳ ಬರಹಗಳು ಮತ್ತು ಶಿಲಾಶಾಸನಗಳು ಇವುಗಳಲ್ಲಿ ಮುಖ್ಯವಾದವು. ಬಿ. ಎಲ್. ರೈಸ್ ಅವರು ಸಂಪಾದಿಸಿ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಸಾಗರ, ನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. ಗ್ರಂಥದಲ್ಲಿ ಹೇಳಿದ ಅರಸನ ಹೆಸರು ಮತ್ತು ಕಾಲ ಹೊಲದ ಬದಿಯಲ್ಲಿ ನಿಂತ ಕಲ್ಲಿನ ಬರಹದೊಡನೆ ಹೊಂದಿಕೊಂಡಾಗ ಆ ಸಂಗತಿಯು ಖಚಿತವಾಗುತ್ತದೆ. ಹೊಂದಿಕೊಳ್ಳದಿದ್ದಾಗ ಕಲ್ಲಿನ ಸಾಕ್ಷ್ಯಕ್ಕೆ ಹೆಚ್ಚಿನ ಮನ್ನಣೆ ದೊರೆಯುತ್ತದೆ.

ಹೀಗಿದ್ದರೂ ಶಾಸನಗಳು ಬಿಡಿಬಿಡಿಯಾಗಿ ಒಂದೊಂದು ದಾನವನ್ನು ಮಾತ್ರ ತಿಳಿಸುತ್ತವೆ. ಅವುಗಳನ್ನು ಕಾಲಾನುಕ್ರಮದಲ್ಲಿ ಒಂದು ಕಥನವಾಗಿ ಜೋಡಿಸಲು ದಾರದಂತೆ ನೆರವಾಗುವುದು ಬಸವರಾಜನ ಗ್ರಂಥವೇ. ಇಪ್ಪತ್ತನೆಯ ಶತಮಾನದಲ್ಲಿ ಇಕ್ಕೇರಿ ನಾಯಕರ ಬಗ್ಗೆ ಸಂಶೋಧನಾ ಗ್ರಂಥವನ್ನು ಬರೆದ ಕೆ. ಡಿ. ಸ್ವಾಮಿನಾಥನ್ ಮೊದಲಾದ ವಿದ್ವಾಂಸರು ಈ ಗ್ರಂಥವನ್ನು ಪ್ರಮುಖ ಆಧಾರವಾಗಿ ಬಳಸಿಕೊಂಡಿದ್ದಾರೆ.

ಉತ್ತರಾಧಿಕಾರ ಮತ್ತು ರಾಜ್ಯದ ಅಂತ್ಯ

1714ರಲ್ಲಿ ಬಸವರಾಜನ ಆಳ್ವಿಕೆಯು ಕೊನೆಗೊಂಡು, ಗ್ರಂಥದಲ್ಲಿ ಶ್ರೋತೃವಾಗಿ ಕಾಣಿಸಿಕೊಳ್ಳುವ ಮಗ ಸೋಮಶೇಖರನು ಅರಸನಾದನು. ಈತನು 1739ರವರೆಗೆ ಆಳಿದನು. ಆನಂತರ ಇಮ್ಮಡಿ ಬಸವಪ್ಪ ನಾಯಕ, ಚೆನ್ನಬಸಪ್ಪ ನಾಯಕ ಮತ್ತು ರಾಣಿ ವೀರಮ್ಮಾಜಿಯರ ಕಾಲದಲ್ಲಿ ಉತ್ತರಾಧಿಕಾರದ ಪ್ರಶ್ನೆಯು ಮತ್ತೆ ತಲೆದೋರಿತು. ಸಿಂಹಾಸನದ ಹಕ್ಕಿನ ಬಗ್ಗೆ ಎದ್ದ ವಿವಾದವನ್ನು ನೆಪವಾಗಿಸಿಕೊಂಡು 1763ರಲ್ಲಿ ಹೈದರ್ ಅಲಿಯು ಬಿದನೂರನ್ನು ವಶಪಡಿಸಿಕೊಂಡನು. ಅರಮನೆಯು ಬೆಂಕಿಗೆ ಆಹುತಿಯಾಯಿತು. ಪಟ್ಟಣಕ್ಕೆ ಹೈದರ್‌ನಗರವೆಂಬ ಹೆಸರು ಬಂದು, ಕಾಲಕ್ರಮೇಣ ನಗರ ಎಂದಷ್ಟೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತಾಲ್ಲೂಕಿನ ಕೇಂದ್ರವು ಕಲ್ಲೂರುಕಟ್ಟೆಗೆ ವರ್ಗಾವಣೆಯಾದಾಗ ಆ ಊರು ಹೊಸನಗರವೆಂಬ ಹೆಸರನ್ನು ಪಡೆಯಿತು.

ರಾಜ್ಯವು ಹೋದ ಮೇಲೆ ಅದರ ಲಿಖಿತ ವ್ಯವಸ್ಥೆಗೂ ಪೆಟ್ಟು ಬಿದ್ದಿತು. ಹಳೆಯ ಶಿಸ್ತಿನ ಮೇಲೆ ಹೊಸ ಹೊಸ ಪಟ್ಟಿಗಳು ಸೇರಿಕೊಂಡವು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಜಾರಿಯಲ್ಲಿದ್ದ ಶರ್ತಿ ಪದ್ಧತಿಯಂತೆ, ಅಧಿಕಾರಿಗಳು ಇಷ್ಟು ಹಣವನ್ನು ಸಂಗ್ರಹಿಸಿಕೊಡುವುದಾಗಿ ಕರಾರು ಮಾಡಿಕೊಂಡು ರೈತರಿಂದ ವಸೂಲು ಮಾಡುತ್ತಿದ್ದರು. ಇದರಿಂದ ಉಂಟಾದ ಅಸಮಾಧಾನವು 1830-31ರಲ್ಲಿ ನಗರದ ರೈತ ಬಂಡಾಯವಾಗಿ ಪರಿಣಮಿಸಿತು. ಬಂಡಾಯದ ನಾಯಕತ್ವ ವಹಿಸಿದವರಲ್ಲಿ ಬೂದಿ ಬಸವಪ್ಪನು ಕೆಳದಿ ಮನೆತನದ ಹಕ್ಕುದಾರನೆಂದು ತನ್ನನ್ನು ಕರೆದುಕೊಂಡನು. ಮನೆತನವು ಅಳಿದು ಸುಮಾರು ಏಳು ದಶಕಗಳು ಕಳೆದಿದ್ದರೂ ಅದರ ಹೆಸರಿಗೆ ಜನರಲ್ಲಿ ಇನ್ನೂ ಬೆಲೆ ಇತ್ತು ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಈ ಬಂಡಾಯದ ಪರಿಣಾಮವಾಗಿ 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು.

ಗ್ರಂಥದ ಉಳಿವು ಮತ್ತು ಪ್ರಕಟಣೆ

ಅರಮನೆ, ಖಜಾನೆ ಮತ್ತು ಸೇನೆಗಳು ಉಳಿಯಲಿಲ್ಲ. ಆದರೆ ಶಿವತತ್ತ್ವರತ್ನಾಕರವು ಹಸ್ತಪ್ರತಿಗಳ ರೂಪದಲ್ಲಿ ಉಳಿಯಿತು. ತಾಳೆಗರಿಯು ಮಲೆನಾಡಿನ ಮಳೆ, ಗೆದ್ದಲು ಮತ್ತು ಹುಳುಗಳಿಂದ ಬೇಗ ಹಾಳಾಗುವ ವಸ್ತು. ಹಳೆಯ ಪ್ರತಿಯು ಜೀರ್ಣವಾಗುವ ಮೊದಲು ಯಾರಾದರೂ ಕುಳಿತು ಹೊಸ ಪ್ರತಿಯನ್ನು ಮಾಡಿದರೆ ಮಾತ್ರ ಗ್ರಂಥವು ಮುಂದಿನ ಪೀಳಿಗೆಗೆ ತಲುಪುತ್ತಿತ್ತು. ಹೀಗೆ ಹೆಸರು ತಿಳಿಯದ ಲಿಪಿಕಾರರ ಶ್ರಮದಿಂದ ಎರಡು ಶತಮಾನಗಳನ್ನು ದಾಟಿದ ಗ್ರಂಥವು 1927ರಲ್ಲಿ ಮದರಾಸಿನಲ್ಲಿ ಮುದ್ರಣವಾಯಿತು. ಆನಂತರ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1964ರಿಂದ ಹಲವು ಸಂಪುಟಗಳಲ್ಲಿ ಇದನ್ನು ಸಂಪಾದಿಸಿ ಹೊರತಂದಿತು.

ಕೆಳದಿಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಗ್ರಂಥಗಳು, ಕಾಗದದ ಹಸ್ತಪ್ರತಿಗಳು ಮತ್ತು ಮನೆತನದ ಕಾಲದ ವಸ್ತುಗಳನ್ನು ಸಂರಕ್ಷಿಸಲಾಗಿದೆ. ಕೆಳದಿಯ ವಿದ್ವಾಂಸ ಗುಂಡಾ ಜೋಯಿಸ್ ಅವರು ತಮ್ಮ ಜೀವಮಾನದ ಬಹುಭಾಗವನ್ನು ಈ ಆಧಾರಗಳ ಸಂಗ್ರಹ ಮತ್ತು ಅಧ್ಯಯನಕ್ಕೆ ಮೀಸಲಿಟ್ಟಿದ್ದರು. ಮನೆಗಳ ಅಟ್ಟದಲ್ಲಿ ಮರೆತುಹೋಗಿದ್ದ ಕಡತಗಳು ಸಂಶೋಧಕರ ಕೈ ಸೇರಿದ್ದು ಇಂತಹ ಪ್ರಯತ್ನಗಳಿಂದ.

ಸಂಬಂಧಿಸಿದ ಸ್ಥಳಗಳು

ಕೆಳದಿ (ಸಾಗರ ತಾಲ್ಲೂಕು): ರಾಮೇಶ್ವರ ಮತ್ತು ವೀರಭದ್ರ ದೇವಾಲಯಗಳು. ವೀರಭದ್ರ ದೇವಾಲಯದ ಛಾವಣಿಯಲ್ಲಿರುವ ಗಂಡಭೇರುಂಡದ ಕೆತ್ತನೆ ಪ್ರಸಿದ್ಧವಾಗಿದೆ.

ಇಕ್ಕೇರಿ (ಸಾಗರ ತಾಲ್ಲೂಕು): ಅಘೋರೇಶ್ವರ ದೇವಾಲಯ. ಬೃಹತ್ ಗಾತ್ರದ ಕಲ್ಲಿನ ಈ ಕಟ್ಟಡವು ಕೆಳದಿ ವಾಸ್ತುಶೈಲಿಯ ಶ್ರೇಷ್ಠ ನಿದರ್ಶನವಾಗಿದೆ.

ನಗರ (ಹೊಸನಗರ ತಾಲ್ಲೂಕು): ಬಿದನೂರಿನ ಕೋಟೆಯ ಅವಶೇಷಗಳು. ಬಸವರಾಜನು ಆಳಿದ ರಾಜಧಾನಿ ಇದು.

ಕವಲೇದುರ್ಗ (ತೀರ್ಥಹಳ್ಳಿ ತಾಲ್ಲೂಕು): ಬೆಟ್ಟದ ಮೇಲಿನ ಕೋಟೆ, ದೇವಾಲಯ ಮತ್ತು ಅರಮನೆಯ ತಳಪಾಯ. ಚೆನ್ನಮ್ಮಾಜಿಯು ಸಂಕಟದ ಕಾಲದಲ್ಲಿ ಆಶ್ರಯ ಪಡೆದ ಸ್ಥಳ.

ಸಾರ್ವಜನಿಕರ ಗಮನಕ್ಕೆ

ಐತಿಹಾಸಿಕ, ಸಾಹಿತ್ಯಿಕ ಅಥ‌ವಾ ವೈಜ್ಞಾನಿಕ ಮೌಲ್ಯವುಳ್ಳ, 75 ವರ್ಷಗಳಿಗಿಂತ ಕಡಿಮೆಯಿಲ್ಲದ ಹಸ್ತಪ್ರತಿ ಮತ್ತು ದಾಖಲೆಗಳು 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಅಡಿಯಲ್ಲಿ ಪುರಾತನ ವಸ್ತುಗಳೆಂದು ಪರಿಗಣಿತವಾಗುತ್ತವೆ. ಇವುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವಂತಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸಂಬಂಧದಲ್ಲಿ 2010ರ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗಿನ ಪ್ರದೇಶವು ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗಿನ 200 ಮೀಟರ್ ಪ್ರದೇಶವು ನಿಯಂತ್ರಿತ ಪ್ರದೇಶವಾಗಿರುತ್ತದೆ. ಈ ಪ್ರದೇಶಗಳಲ್ಲಿ ಮನೆ ದುರಸ್ತಿ ಅಥವಾ ನಿರ್ಮಾಣವನ್ನು ಕೈಗೊಳ್ಳಲು ಇಚ್ಛಿಸುವವರು ಕಾಮಗಾರಿಯನ್ನು ಆರಂಭಿಸುವ ಮುನ್ನವೇ ಸಕ್ಷಮ ಪ್ರಾಧಿಕಾರದ ಅನುಮತಿಯ ಬಗ್ಗೆ ವಿಚಾರಿಸುವುದು ಅಗತ್ಯ.

ಕುಟುಂಬದಲ್ಲಿ ಹಳೆಯ ತಾಳೆಗರಿ, ಕಡತ, ಸನ್ನದು ಅಥವಾ ತಾಮ್ರಪಟಗಳು ಇದ್ದಲ್ಲಿ ಅವುಗಳನ್ನು ತೇವವಿಲ್ಲದ ಸ್ಥಳದಲ್ಲಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಲವಂತವಾಗಿ ಬಿಡಿಸಬಾರದು. ಓದಲು ಬಾರದ ಲಿಪಿಯಲ್ಲಿದೆ ಎಂಬ ಕಾರಣಕ್ಕೆ ಯಾವುದನ್ನೂ ನಿರುಪಯುಕ್ತವೆಂದು ಭಾವಿಸಬಾರದು.

ಹದಿನೇಳು ವರ್ಷಗಳ ಕಾಲ ಆಳಿದ ಬಸವರಾಜನು ಗೆದ್ದ ಅಥವಾ ಕಳೆದುಕೊಂಡ ಸೀಮೆಗಳನ್ನು ಇಂದು ನೆನಪಿಡುವವರು ವಿರಳ. ಆತನು ಬರೆದಿಟ್ಟ ಗ್ರಂಥವು ಮೂರು ಶತಮಾನಗಳ ನಂತರವೂ ಈ ನಾಡಿನ ಜನರಿಗೆ ತಮ್ಮ ಹಿಂದಿನದನ್ನು ತಿಳಿಸುತ್ತಿದೆ.